ತೆಪ್ಪದಲ್ಲಿ ಅತ್ತೆಯ ಎದುರು ಕೂತದ್ದು

ಹುಣಸೆಹಣ್ಣಿನ ಬೀಜ ಬಿಡಿಸುತ್ತ ಪಡಸಾಲೆಯಲ್ಲಿ ಕೂತಿದ್ದೆ. ಎರಡೂ ಅಂಗೈಗೆ ಹುಳಿ ಮೆತ್ತಿಕೊಂಡಿತ್ತು. ಮೂಗಿನ ಮೇಲೆ ಕೂತ ನೊಣವನ್ನು ಕೈಯಿಂದ ಓಡಿಸುವಂತಿಲ್ಲ, ಕೋಲೆಬಸವನ ಹಾಗೆ ತಲೆ ಅಲ್ಲಾಡಿಸುತ್ತಿದ್ದೆ. ಆಗ ನಮ್ಮ ಯಜಮಾನರು ಪೇಟೆಯಿಂದ ಬಂದವರು ಚಪ್ಪಲಿ ಕೂಡ ಬಿಡದೆ ಹೊಸ್ತಿಲಲ್ಲೇ ನಿಂತರು.

"ಏನೇ, ಅವ್ವನ್ನ ಕರಿ. ಕೆರೆಯಾಗಿನ ದೋಣಿ ನಾಳೆಯಿಂದ ಬಂದ್ ಅಂತೆ."

ನಮ್ಮ ಅತ್ತೆಗೆ ಕಿವಿ ಸ್ವಲ್ಪ ಮಂದ. ಊಟಕ್ಕೆ ಕರೆದರೂ ಮೂರು ಸಲ ಕೂಗಬೇಕು. ಆದರೆ ದೋಣಿ ಎಂಬ ಮಾತು ಹಿತ್ತಲಿನವರೆಗೂ ಹೋಗಿ ಅವರನ್ನು ಕೈಹಿಡಿದು ಎಳೆದುಕೊಂಡು ಬಂತು.

"ಬಂದ್ ಅಂದ್ರೆ? ಮತ್ತೆ ನನ್ನ ಹರಕೆ?"

ಆ ಹರಕೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ನನ್ನ ಚೊಚ್ಚಲ ಹೆರಿಗೆ ಬಹಳ ಕಷ್ಟವಾಗಿತ್ತು. ಒಳಗೆ ನಾನು ಒದ್ದಾಡುತ್ತಿದ್ದರೆ ಹೊರಗೆ ಅತ್ತೆ ತಮ್ಮ ತವರಿನ ಕೆರೆಯ ಗಂಗಮ್ಮನನ್ನು ನೆನೆದು, "ತಾಯೀ, ಎರಡು ಜೀವಾನೂ ಉಳಿಸು. ನೀನು ತುಂಬ್ಕೊಂಡಾಗ ನೀರ ಮ್ಯಾಲೆ ಬಂದು ಬಾಗಿನ ಕೊಡ್ತೀನಿ" ಎಂದು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದರಂತೆ. ಎರಡು ಜೀವವೂ ಉಳಿದವು. ಆ ಮಗಳು ಈಗ ಎರಡು ಮಕ್ಕಳ ತಾಯಿ. ಆದರೆ ಗಂಗಮ್ಮ ತುಂಬಿಕೊಳ್ಳಲೇ ಇಲ್ಲ. ನಮ್ಮ ಮೊಳಕಾಲ್ಮೂರು ಸೀಮೆಯಲ್ಲಿ ಕೆರೆ ಎಂದರೆ ವರ್ಷದ ಬಹುಪಾಲು ಒಂದು ದೊಡ್ಡ ಬಯಲು. ಅದರಲ್ಲಿ ಜನ ಸಜ್ಜೆ ಬಿತ್ತುತ್ತಾರೆ, ಕುರಿ ಮೇಯಿಸುತ್ತಾರೆ, ಬೈಕ್ ಕಲಿಯುತ್ತಾರೆ. ನಡುವೆ ಒಂದು ಸಲ ತುಂಬಿತ್ತು. ಆಗ ಅತ್ತೆಯ ತಾಯಿ ತೀರಿಕೊಂಡು ಸೂತಕ. ಸೂತಕ ಕಳೆದು, ತೆಪ್ಪ ಹಾಕುವ ಆಳು ಸಿಕ್ಕಿ, ಮುಹೂರ್ತ ನೋಡಿ ಹೋಗುವಷ್ಟರಲ್ಲಿ ಕೆರೆಯ ನಡುವಿನ ಗಂಗಮ್ಮನ ಕಲ್ಲಿನ ಸುತ್ತ ಆಗಲೇ ಕೆಸರು, ಎಮ್ಮೆಗಳು ಮಲಗಿದ್ದವು.

ಈ ಸಲ ದೀಪಾವಳಿಯ ಮಳೆಗೆ ಕೆರೆ ತುಂಬಿ ಕೋಡಿ ಬಿತ್ತು. ಅತ್ತೆ ಅವತ್ತಿನಿಂದಲೇ ತಯಾರು. ಹೊಸ ಮೊರ ತಂದು ಅರಿಶಿನ ಸವರಿ ದೇವರ ಮನೆಯಲ್ಲಿಟ್ಟರು. ಆದರೆ ಮೀನು ಹಿಡಿಯುವವರು, "ಗಾಳಿ ಜಾಸ್ತಿ ಐತೆ, ವಯಸ್ಸಾದೋರ್ನ ಹತ್ತಿಸಲ್ಲ" ಎಂದರು. ಸಂಕ್ರಾಂತಿ ಆದಮೇಲೆ ಗಾಳಿ ಇಳಿಯಿತು. ಯಾರೋ ಎರಡು ಪೆಡಲ್ ದೋಣಿ ತಂದು ಬಿಟ್ಟರು, ಮೀನಿನವರೂ ಜನರನ್ನು ಹತ್ತಿಸಲು ಶುರು ಮಾಡಿದರು, ಭಾನುವಾರ ಬಂತೆಂದರೆ ಚಳ್ಳಕೆರೆಯಿಂದೆಲ್ಲ ಜನ. ನಾವು ಮಾತ್ರ ಶುಕ್ರವಾರವೇ ಹೋಗಬೇಕೆಂದು ಕಾದೆವು. ಒಂದು ಶುಕ್ರವಾರ ಅಮಾವಾಸ್ಯೆ, ಒಂದು ಶುಕ್ರವಾರ ಅತ್ತೆಗೆ ಕೆಮ್ಮು, ಇನ್ನೊಂದು ಶುಕ್ರವಾರ ಬೀಗರು ಹೇಳದೆ ಕೇಳದೆ ಬಂದು ರಾತ್ರಿ ಊಟ ಮುಗಿಸಿಯೇ ಎದ್ದರು.

ಈಗ ನೋಡಿದರೆ ಬಂದ್. ವಿಹಾರಕ್ಕೆ ಬಂದವರು ಬಲೆಗಳ ಮೇಲೆಯೇ ದೋಣಿ ಓಡಿಸಿದ್ದು, ಬಟ್ಟೆ ಒಗೆಯುವ ಹೆಂಗಸರ ಹತ್ತಿರ ಹೋಗಿ ನೀರು ಎರಚಿದ್ದು, ಕಿವಿ ಹರಿಯುವಂತೆ ಹಾಡು ಹಾಕಿದ್ದು, ತಿಂದ ಪೊಟ್ಟಣವೆಲ್ಲ ನೀರಿಗೆಸೆದದ್ದು ಊರವರಿಗೆ ಸಾಕಾಗಿಹೋಗಿತ್ತಂತೆ. ಬೆಳಿಗ್ಗೆ ಕಟ್ಟೆಯ ಮೇಲೆ ಸೇರಿ ಮಾತಾಡಿಕೊಂಡಿದ್ದರು: ಇವತ್ತು ಹೊತ್ತು ಇಳಿಯುವ ತನಕ, ಅಷ್ಟೇ. ನಾಳೆಯಿಂದ ಮೀನು ಹಿಡಿಯುವವರನ್ನು ಬಿಟ್ಟರೆ ಯಾರೂ ನೀರಿಗೆ ಇಳಿಯಕೂಡದು.

"ಇವತ್ತು ಗುರುವಾರ" ಎಂದೆ ನಾನು.

"ಗಂಗಮ್ಮ ಕ್ಯಾಲೆಂಡರ್ ನೋಡ್ಕೊಂಡು ತುಂಬಿದ್ಲೇನೇ?" ಎಂದರು ಅತ್ತೆ. ಇಷ್ಟು ದಿನ ಶುಕ್ರವಾರ ಶುಕ್ರವಾರ ಎಂದು ಕುಣಿದವರು ಅವರೇ! "ಮುಂದಿನ ಸಲ ತುಂಬಾ ಹೊತ್ತಿಗೆ ನಾನು ಇರ್ತೀನಾ? ಎದ್ದೇಳು, ಸೀರೆ ಉಟ್ಕೋ."

ಕೈಗೆ ಎಷ್ಟು ನೀರು ಹಾಕಿದರೂ ಹುಣಸೆಯ ಅಂಟು ಹೋಗಲಿಲ್ಲ. ಹಾಗೆಯೇ ಮೊರಕ್ಕೆ ಅಕ್ಕಿ, ಬೇಳೆ, ಬೆಲ್ಲ, ಅರಿಶಿನ, ಕುಂಕುಮ, ಬಳೆ, ಕುಪ್ಪಸದ ಕಣ ಎಲ್ಲ ಜೋಡಿಸಿ ಇನ್ನೊಂದು ಮೊರ ಮುಚ್ಚಿ ದಾರ ಕಟ್ಟಿದೆ. ಮಾವನವರು ಮಗ್ಗದ ಗುಂಡಿಯಲ್ಲಿ ಕೂತಿದ್ದವರು ಲಾಳಿ ನಿಲ್ಲಿಸಿ, "ಹೋಗಿ ಬರ್ರಿ. ನೀರಿನ ಮ್ಯಾಲಾದ್ರೂ ಅತ್ತೆ ಸೊಸೆ ಜಗಳ ಆಡಬ್ಯಾಡ್ರಿ" ಎಂದರು. ಯಜಮಾನರು ಪರಿಚಯದ ಆಟೋ ಕರೆತಂದಿದ್ದರು. ಕರೆದ ತಕ್ಷಣ ಆಟೋ ಸಿಕ್ಕಿದ್ದು ಅವತ್ತಿನ ಮೊದಲ ಪುಣ್ಯವೆಂದು ಮನಸ್ಸಿನಲ್ಲೇ ಕೈಮುಗಿದೆ. ತಮ್ಮ ತವರಿನ ದಾರಿಗೆ, ಬಿ.ಜಿ. ಕೆರೆಯ ಕಡೆಗೆ ತಿರುಗುವ ತನಕ ಅತ್ತೆ ಮೊರವನ್ನು ಮಡಿಲಲ್ಲಿ ಮಗುವಿನ ಹಾಗೆ ಹಿಡಿದುಕೊಂಡು, ಆಟೋದ ಪ್ರತಿ ಕುಲುಕಿಗೂ ನಗುತ್ತಿದ್ದರು. ಏನಾಯಿತು ಎಂದು ಕೇಳಿದರೆ, "ಏನಿಲ್ಲ, ಹೊಟ್ಯಾಗೆ ಕಚಗುಳಿ" ಎಂದರು. ಆ ನಗು ನನಗೂ ಅಂಟಿಕೊಂಡಿತು.

ಏರಿಯ ಮೇಲೆ ನಿಂತು ನೋಡಿದರೆ, ಅಬ್ಬಾ! ನನ್ನ ತವರು ಚಳ್ಳಕೆರೆ. ಎಣ್ಣೆ ಗಾಣಗಳ ವಾಸನೆಯಲ್ಲಿ ಬೆಳೆದವಳು ನಾನು. ಬಾವಿಯಲ್ಲಿ ಬಗ್ಗಿ ನೋಡಿದ ನೀರು ಬಿಟ್ಟರೆ ಇಷ್ಟು ಅಗಲದ ನೀರನ್ನು ಒಟ್ಟಿಗೆ ನೋಡಿದವಳಲ್ಲ. ಬಿಸಿಲಿಗೆ ಇಡೀ ಕೆರೆ ಜರಿಯಂಚಿನ ಸೀರೆ ಒಣಗಹಾಕಿದ ಹಾಗೆ ಮಿನುಗುತ್ತಿತ್ತು. ನಡುವೆ ಗಂಗಮ್ಮನ ಕಲ್ಲಿನ ನೆತ್ತಿ ಮಾತ್ರ ಕಾಣುತ್ತಿತ್ತು, ಸ್ನಾನಕ್ಕೆ ಕೂತ ಅಜ್ಜಿಯ ತಲೆಯಂತೆ.

ಅತ್ತೆ ನೀರಿನಂಚಿಗೆ ಹೋಗಿ ಚಪ್ಪಲಿ ಬಿಟ್ಟರು. ಗಂಗೆಯ ಹತ್ತಿರ ಚಪ್ಪಲಿ ಹಾಕಿಕೊಂಡು ಹೋಗುವುದುಂಟೇ? ನಾನೂ ಬಿಟ್ಟೆ. ಯಜಮಾನರು, "ಯಾರಾದ್ರೂ ಚಪ್ಪಲಿ ಕಾಯಬೇಕಲ್ಲ" ಎಂದು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. ಅವರಿಗೆ ನೀರೆಂದರೆ ಭಯ. ಆ ವಿಷಯ ನನಗೆ ಗೊತ್ತು, ಅವರ ತಾಯಿಗೆ ಗೊತ್ತು.

ಪೆಡಲ್ ದೋಣಿ ತುಳಿಯಲು ಅತ್ತೆಯ ಮಂಡಿಗೆ ಆಗದು. ಅಲ್ಲೇ ಒಬ್ಬ ಹೆಂಗಸು ತೆಪ್ಪ ಕಟ್ಟಿಕೊಂಡು ನಿಂತಿದ್ದಳು. ಮೀನು ಹಿಡಿಯುವವರ ಮನೆಯ ಸೊಸೆ, ನನಗಿಂತ ಸಣ್ಣವಳು, ಆಂಧ್ರದ ಕಡೆಯಿಂದ ಬಂದವಳು. ಅವಳ ತೆಪ್ಪ ದುಂಡಗೆ, ಮದುವೆ ಮನೆಯ ಕೊಪ್ಪರಿಗೆಯನ್ನು ನೀರಿಗೆ ಬಿಟ್ಟ ಹಾಗಿತ್ತು. ಹರಕೆಯ ಮಾತು ಕೇಳಿ, "ಬರ್ರಿ ಅಮ್ಮಾ, ಕಲ್ಲಿನ ತನಕ ಹೋಗಿ ಹೊತ್ತು ಇಳಿಯೋದ್ರೊಳಗೆ ಬಂದುಬಿಡಣ" ಎಂದಳು. ಅದು ಎರಡನೆಯ ಪುಣ್ಯ.

ನಾನು ಮೊದಲು ಹತ್ತಿ ಕೂತೆ. ಆಮೇಲೆ ಅತ್ತೆ ಒಂದು ಕಾಲನ್ನು ತೆಪ್ಪದೊಳಗಿಟ್ಟರು.

ಇಲ್ಲಿ ನಾನೊಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಅತ್ತೆ ನಿಂತಿರುವಾಗ ಸೊಸೆ ಕೂರುವುದಿಲ್ಲ. ಯಾರೂ ಬೈದು ಕಲಿಸಿದ್ದಲ್ಲ, ಮದುವೆಯಾಗಿ ಬಂದಾಗಿನಿಂದ ಮೈಗೆ ಬಂದದ್ದು. ಅವರು ಪಡಸಾಲೆಗೆ ಬಂದರೆ ನನ್ನ ಮಂಡಿ ತಾನಾಗಿ ಏಳುತ್ತದೆ. ಅವತ್ತೂ ಎದ್ದಿತು. ನಾನು ಗಬಕ್ಕನೆ ಎದ್ದು ನಿಂತೆ. ಕೊಪ್ಪರಿಗೆ ವಾಲಿತು. ಅತ್ತೆಯ ಒಂದು ಕಾಲು ತೆಪ್ಪದಲ್ಲಿ, ಒಂದು ಕಾಲು ದಡದಲ್ಲಿ, ನಡುವೆ ಅಂತರ ಅಗಲವಾಗುತ್ತಾ ಹೋಯಿತು.

"ಕುಂತ್ಕೊಳ್ಳೇ!" ಎಂದು ಕಿರುಚಿದರು ಅತ್ತೆ. "ನೀನು ಮರ್ಯಾದೆ ಕೊಟ್ರೆ ನಾನು ಮುಳುಗ್ತೀನಿ!"

ತೆಪ್ಪದಾಕೆ ಒಂದು ಕೈಯಲ್ಲಿ ಅತ್ತೆಯನ್ನು, ಇನ್ನೊಂದು ಕೈಯಲ್ಲಿ ನನ್ನ ಸೆರಗನ್ನು ಹಿಡಿದು, "ಕೂಚೋಂಡಿ, ಕೂಚೋಂಡಿ!" ಎಂದು ಇಬ್ಬರನ್ನೂ ಕುಕ್ಕರಿಸಿದಳು. ಗಾಬರಿಯಾದರೆ ಅವಳ ಬಾಯಲ್ಲಿ ತೆಲುಗೇ ಬರುತ್ತಿತ್ತು. ಉಸಿರು ತೆಗೆದುಕೊಂಡು ಕನ್ನಡದಲ್ಲಿ ಹೇಳಿದಳು: "ನೋಡ್ರಮ್ಮಾ, ಇದರಾಗೆ ಅತ್ತೆ ಸೊಸೆ ಇಲ್ಲ. ಭಾರ ಐತೆ, ಅಷ್ಟೇ. ಆ ಕಡೆ ಒಬ್ರು, ಈ ಕಡೆ ಒಬ್ರು. ಯಾರು ಬಂದ್ರೂ ಏಳಬಾರದು. ದೇವರೇ ಬಂದ್ರೂ ಏಳಬಾರದು."

ನನ್ನ ಸೀರೆಯ ಅಂಚೆಲ್ಲ ಒದ್ದೆ. ದಡದಲ್ಲಿ ಯಜಮಾನರು ಚಪ್ಪಲಿಗಳನ್ನು ಎದೆಗವಚಿಕೊಂಡು ನಿಂತಿದ್ದರು. ಮೊರ ಮಾತ್ರ ನೆನೆದಿರಲಿಲ್ಲ. ಮೂರನೆಯ ಪುಣ್ಯ.

ತೆಪ್ಪ ಹೊರಟಿತು. ನಾನು ಅತ್ತೆಯ ಎದುರು, ಅವರ ಮುಖಕ್ಕೆ ಮುಖ ಕೊಟ್ಟು, ಕಾಲು ಚಾಚಿ ಕೂತಿದ್ದೆ. ಜನ್ಮದಲ್ಲಿ ಹಾಗೆ ಕೂತಿರಲಿಲ್ಲ. ತೆಪ್ಪ ಒಂದು ಸುತ್ತು ತಿರುಗಿದರೆ ನನ್ನ ಪಾದ ಹೋಗಿ ಅವರ ಪಾದಕ್ಕೆ ತಾಗುತ್ತಿತ್ತು. ನಾನು "ಶಿವ ಶಿವ" ಎಂದು ಬಗ್ಗಿ, ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಬಗ್ಗಿದ ತಕ್ಷಣ ತೆಪ್ಪ ವಾಲುತ್ತಿತ್ತು. ವಾಲಿದ ತಕ್ಷಣ ಪಾದ ಮತ್ತೆ ತಾಗುತ್ತಿತ್ತು. ಮತ್ತೆ ಶಿವ ಶಿವ.

"ಸಾಕು ಬಿಡೇ ನಿನ್ನ ನಮಸ್ಕಾರ!" ಎಂದರು ಅತ್ತೆ. "ಇವತ್ತೊಂದಿನ ಒದ್ದುಬಿಡು. ಮನೆಗೆ ಹೋದಮ್ಯಾಲೆ ಎಲ್ಲಾ ಸೇರಿಸಿ ಒಂದೇ ಸಲ ಬೀಳುವಿಯಂತೆ ಕಾಲಿಗೆ."

ತೆಪ್ಪದಾಕೆ ನಕ್ಕು ನಕ್ಕು ಹುಟ್ಟು ಹಾಕುವುದನ್ನೇ ನಿಲ್ಲಿಸಿದಳು. ನನಗೂ ತಡೆಯಲಾಗಲಿಲ್ಲ. ಅತ್ತೆಯ ಎದುರು ಬಾಯಿ ತೆರೆದು ನಕ್ಕದ್ದೂ ಅದೇ ಮೊದಲು. ನೀರಿನ ಮೇಲೆ ನಗು ಬಹಳ ದೂರ ಹೋಗುತ್ತದೆ, ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು.

ಸ್ವಲ್ಪ ದೂರ ಹೋದಮೇಲೆ ಅತ್ತೆಗೆ ಧೈರ್ಯ ಬಂತು. ಬಗ್ಗಿ ನೀರೊಳಗೆ ನೋಡುತ್ತಾ ದಾರಿ ಹೇಳತೊಡಗಿದರು. ಅವರು ಹುಟ್ಟಿದ್ದು ಇದೇ ಊರಲ್ಲಿ. ಈ ಕೆರೆಯಂಗಳ ಅವರಿಗೆ ನೀರಿನ ಜಾಗವಲ್ಲ, ಸೌದೆ ಹೊತ್ತು ನಡೆದ ನೆಲ.

"ಎಡಕ್ಕೆ ತಿರುಗಿಸವ್ವ. ಇದು ನಮ್ಮ ದೊಡ್ಡಪ್ಪ ಸಜ್ಜೆ ಹಾಕ್ತಿದ್ದ ಜಾಗ. ಮ್ಯಾಲೆ ಹೋಗಬ್ಯಾಡ. ಬದುವಿನ ಮ್ಯಾಲೆ ಹೋಗು."

"ಅಮ್ಮಾ, ಕೆಳಗೆ ಎರಡಾಳು ನೀರೈತೆ" ಎಂದಳು ತೆಪ್ಪದಾಕೆ.

"ನೀರಿದ್ರೇನು, ಹೊಲ ಹೊಲವೇ. ಕೇಳದೆ ಅಡ್ಡ ಹಾಯಬಾರದು."

ತಮಾಷೆಯೆಂದರೆ, ಆ ಕೆರೆಯಲ್ಲಿ ತಿಳಿದು ದೋಣಿ ನಡೆಸುವವರೆಲ್ಲ ಮಾಡುತ್ತಿದ್ದುದೂ ಅದನ್ನೇ. ಕಡಲಿನಷ್ಟು ಅಗಲ ನೀರಿದ್ದರೂ ಎಲ್ಲರೂ ಕೆಳಗೆ ಮುಳುಗಿದ್ದ ಹಳೆಯ ಗಾಡಿಜಾಡಿನ ಮೇಲೆಯೇ ಸಾಲಾಗಿ ಹೋಗಿ ಬರುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. ಜಾಡಿನ ಎರಡೂ ಬದಿ ಬಳ್ಳಾರಿಜಾಲಿ ಬೆಳೆದಿತ್ತು, ಈಗ ಅದರ ಮುಳ್ಳಿನ ತಲೆಗಳು ನೀರಿನಡಿ ಅಡಗಿ ಕೂತಿದ್ದವು. ಅದರಾಚೆ ಮೀನಿನ ಬಲೆಗಳು. ಹೀಗಾಗಿ ಇಡೀ ಕೆರೆಯಲ್ಲಿ ಇದ್ದದ್ದು ಒಂದೇ ಒಂದು ಓಣಿ. ಆ ಓಣಿಯಲ್ಲಿ ನಮ್ಮ ಎದುರಿಗೆ ಬಂತು ಒಂದು ದೊಡ್ಡ ಬಿಳಿ ಬಾತುಕೋಳಿ.

ಬಾತುಕೋಳಿಯ ಆಕಾರದ ಪೆಡಲ್ ದೋಣಿ ಅದು. ಅದರ ಹೊಟ್ಟೆಯಲ್ಲಿ ನಾಲ್ಕು ಜನ ಗಂಡಸರು, ಬಿಳಿ ಶರ್ಟು, ಬಿಳಿ ಪಂಚೆ. ಚಳ್ಳಕೆರೆಯ ಕಡೆಯವರು, ಊರಲ್ಲಿ ಮದುವೆ ಊಟ ಮುಗಿಸಿ ಗಾಳಿಗೆ ಬಂದಿದ್ದರು. ಮುಂದೆ ಇಬ್ಬರು ಬೆವರು ಸುರಿಸಿ ತುಳಿಯುತ್ತಿದ್ದರು. ಹಿಂದೆ ಕೂತ ಇಬ್ಬರಲ್ಲಿ ಜರಿಶಾಲಿನವರೊಬ್ಬರ ಬಾಯಲ್ಲಿ ಎಲೆಅಡಿಕೆ, ತೊಡೆಯ ಮೇಲೆ ಮೊಬೈಲಿನಲ್ಲಿ ಹಾಡು. ಬಾತುಕೋಳಿಯ ಕೊಕ್ಕು ನಮ್ಮ ತೆಪ್ಪಕ್ಕೆ ಮುತ್ತಿಡುವಷ್ಟು ಹತ್ತಿರ ಬಂದು ನಿಂತಿತು.

"ಏಯ್, ಸೈಡ್ ಕೊಡಮ್ಮಾ ಜಲ್ದಿ!" ಎಂದರು ಜರಿಶಾಲಿನವರು.

"ನೀವು ಕೊಡ್ರಿ" ಎಂದರು ಅತ್ತೆ. "ಈ ಜಾಡಿನಾಗೆ ಖಾಲಿ ಗಾಡಿ ತುಂಬಿದ ಗಾಡಿಗೆ ದಾರಿ ಬಿಡಬೇಕು. ನಮ್ಮಪ್ಪನ ಕಾಲದಿಂದ ಹಂಗೇ ಐತೆ."

"ನಮ್ದೂ ತುಂಬಿದ ಗಾಡೀನೇ ಕಣಜ್ಜಿ. ಇವನ ಹೊಟ್ಟೆ ನೋಡು!" ಎಂದು ಅವರು ಪಕ್ಕದವರ ಹೊಟ್ಟೆ ತಟ್ಟಿದರು.

"ಲೇ, ನಿಂದೇನು ಕಮ್ಮೀನಾ?" ಎಂದರು ಪಕ್ಕದವರು.

"ನಿಮ್ಮ ಹೊಟ್ಟೆಯಾಗಿರೋದು ಹೋಳಿಗೆ" ಎಂದರು ಅತ್ತೆ. "ನನ್ನ ಮೊರದಾಗಿರೋದು ಗಂಗಮ್ಮನ ಬಾಗಿನ."

ಆಗ ಜರಿಶಾಲಿನವರು ಉತ್ತರ ಕೊಡಲೆಂದು ಬಾಯಿ ಖಾಲಿ ಮಾಡಿಕೊಳ್ಳಲು ನೀರಿನ ಕಡೆ ಬಗ್ಗಿದರು. ಅತ್ತೆಯ ಕಣ್ಣು ದೊಡ್ಡದಾಯಿತು.

"ಉಗೀತೀಯಾ? ಗಂಗಮ್ಮನ ಮುಖಕ್ಕೆ ಉಗೀತೀಯಾ? ಅವಳಿಗೇ ಬಾಗಿನ ಕೊಡಾಕೆ ನಾನು ಹೊಂಟಿದ್ರೆ, ನೀನು ಮುಂದಾಗಿ ಎಲೆಅಡಿಕೆ ಕೊಡ್ತೀಯಾ?"

ಆ ಮನುಷ್ಯ ಒಂದು ಗಳಿಗೆ ಹಾಗೆಯೇ ಬಗ್ಗಿ, ಕೆನ್ನೆ ಉಬ್ಬಿಸಿಕೊಂಡು ಇದ್ದರು. ಆಮೇಲೆ ಗುಟುಕ್ಕನೆ ಎಲ್ಲವನ್ನೂ ನುಂಗಿಬಿಟ್ಟರು. ಕಣ್ಣಲ್ಲಿ ನೀರು ಬಂತು ಪಾಪ. ಹಾಡು ತಾನಾಗಿ ನಿಂತಿತು. "ಹಿಂದಕ್ಕೆ ತುಳೀರಲೇ" ಎಂದು ಸಣ್ಣ ದನಿಯಲ್ಲಿ ಹೇಳಿದರು.

ತುಳಿದರು. ಹಿಂದಕ್ಕೆ ತುಳಿಯುವ ಅಭ್ಯಾಸವಿಲ್ಲದವರು, ಬಾತುಕೋಳಿಯನ್ನು ಸೊಟ್ಟಗೆ ತಿರುಗಿಸಿ ಅದರ ಬಾಲವನ್ನು ನೇರವಾಗಿ ಜಾಲಿಯೊಳಗೆ ನುಗ್ಗಿಸಿದರು. ಕರಕರ ಎಂದಿತು. ಬಿಡಿಸಿಕೊಳ್ಳಲು ಇನ್ನೂ ಜೋರಾಗಿ ತುಳಿದರು. ಪಕ್ಕದಲ್ಲೇ ಇದ್ದ ಬಲೆಯ ಅಂಚು ಪೆಡಲಿನ ಚಕ್ರಕ್ಕೆ ಸುತ್ತಿಕೊಂಡಿತು. ಏನಾಯಿತೆಂದು ನೋಡಲು ನಾಲ್ವರೂ ಒಂದೇ ಸಲ ಎದ್ದು ಒಂದೇ ಕಡೆಗೆ ಬಗ್ಗಿದರು. ಬಾತುಕೋಳಿ ನೀರು ಕುಡಿಯುವ ಹಾಗೆ ತಲೆ ತಗ್ಗಿಸಿತು.

"ಕುಂತ್ಕೊಳ್ರೋ!" ಎಂದು ಅತ್ತೆ ಕೂಗಿದರು. "ಆ ಕಡೆ ಇಬ್ರು, ಈ ಕಡೆ ಇಬ್ರು! ದೇವರು ಬಂದ್ರೂ ಏಳಬಾರದು!"

ಹತ್ತಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ, ನಮ್ಮ ಅತ್ತೆ ಆಗಲೇ ಕೆರೆಗೆಲ್ಲ ಕಾನೂನು ಹೇಳುವವರಾಗಿದ್ದರು. ನಾಲ್ವರೂ ಶಾಲೆಯ ಮಕ್ಕಳಂತೆ ಕೂತರು.

ಅಷ್ಟರಲ್ಲಿ ಏರಿಯ ಮೇಲಿಂದ ಯಾರೋ ಕೆಂಪು ಟವೆಲ್ ಬೀಸುತ್ತಾ ಕೂಗುವುದು ಕೇಳಿಸಿತು. ತೆಪ್ಪದಾಕೆಯ ಮುಖ ಇಳಿಯಿತು. ಅದು ಅವರ ಮೀನಿನವರ ಹಿರಿಯ. ಎಲ್ಲ ದೋಣಿಗಳೂ ದಡಕ್ಕೆ ಬರಬೇಕೆಂದು ಕರೆಯುತ್ತಿದ್ದ. ಹೊತ್ತು ಆಗಲೇ ಗುಡ್ಡದ ಕಡೆ ಬಾಗಿತ್ತು.

"ಅಮ್ಮಾ, ಈಗ ಎರಡರಾಗೆ ಒಂದೇ ಆಗೋದು" ಎಂದಳು ತೆಪ್ಪದಾಕೆ. "ಈಗಲೇ ಹೊಂಟ್ರೆ ಕಲ್ಲು ಮುಟ್ಟಿ ಬರಬಹುದು. ಇವರನ್ನ ಬಿಡಿಸ್ತಾ ಕುಂತ್ರೆ ಹೊತ್ತು ಹೋಗ್ತೈತೆ, ಆಮ್ಯಾಲೆ ಮಾವ ಬಿಡಾಕಿಲ್ಲ." ಹಿರಿಯ ಅವಳ ಮಾವನೇ ಎಂಬುದು ನನಗೆ ಆಗ ಗೊತ್ತಾಯಿತು.

ಅತ್ತೆ ಕಲ್ಲಿನ ಕಡೆ ನೋಡಿದರು. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿತ್ತು. ಮಡಿಲಿನ ಮೊರ ನೋಡಿದರು. ನನ್ನನ್ನು ನೋಡಿದರು. ಆ ಹರಕೆ ನನ್ನ ಜೀವದ ಹರಕೆ, ನನ್ನ ಮಗಳ ಜೀವದ ಹರಕೆ. ಕಲ್ಲಿಗೇ ಹೋಗೋಣ ಎಂದು ನಾಲಿಗೆಯ ತುದಿಗೆ ಬಂದಿತ್ತು. ಬಾತುಕೋಳಿಯಲ್ಲಿ ಜರಿಶಾಲಿನವರು, "ನೀವು ಹೋಗಿ ಬರ್ರಿ ಅಜ್ಜಿ, ನಾವಿರ್ತೀವಿ" ಎಂದರು. ಹಾಗೆ ಹೇಳುವಾಗ ಅವರ ಎರಡೂ ಕೈ ಮುಂದೆ ಕೂತವರ ಕುತ್ತಿಗೆಯನ್ನು ತಬ್ಬಿಕೊಂಡಿದ್ದವು.

ಅತ್ತೆ ಮೊರವನ್ನು ಮಡಿಲಿನಿಂದ ತೆಗೆದು ಪಕ್ಕಕ್ಕಿಟ್ಟರು. "ನೀರಾಗೆ ಸಿಕ್ಕೊಂಡೋರ್ನ ಬಿಟ್ಟು ಹೋಗಿ ನೀರಿನ ತಾಯಿಗೆ ಏನಂತ ಬಾಗಿನ ಕೊಡ್ಲಿ? ಬಿಡಿಸವ್ವ ಮೊದಲು."

ತೆಪ್ಪ ಬಾತುಕೋಳಿಯ ಪಕ್ಕಕ್ಕೆ ಹೋಯಿತು. ಒಬ್ಬರು ಕೀಲಿಗೊಂಚಲಿನ ಚಾಕು ತೆಗೆದು, "ಕೊಯ್ದುಬಿಡಣ" ಎಂದರು. ತೆಪ್ಪದಾಕೆ ಕೈ ಅಡ್ಡ ಹಿಡಿದಳು. "ಕೊಯ್ಯಬ್ಯಾಡ್ರಿ ಅಣ್ಣಾ. ಅದು ನಮ್ಮ ಮನೆ ಬಲೆ. ಅದರಾಗೇ ನಮ್ಮ ಅನ್ನ."

ಗಂಟು ಬಿಡಿಸುವುದೆಂದರೆ ನನಗೆ ಮನೆಗೆಲಸ. ರೇಷ್ಮೆ ಎಳೆ ಸಿಕ್ಕಾದರೆ ನಮ್ಮ ಮನೆಯಲ್ಲಿ ಯಾರೂ ಕತ್ತರಿ ಮುಟ್ಟುವುದಿಲ್ಲ, ಎಳೆಯುವುದೂ ಇಲ್ಲ. ಸಡಿಲ ಮಾಡುತ್ತಾ, ತಳ್ಳುತ್ತಾ, ಅದು ಬಂದ ದಾರಿಯಲ್ಲೇ ಅದನ್ನು ವಾಪಸು ಕಳಿಸಬೇಕು. ರೇಷ್ಮೆಗೆ ಹೋಲಿಸಿದರೆ ಬಲೆ ಹಗ್ಗವಿದ್ದಂತೆ. ತೆಪ್ಪದಾಕೆ ಪೆಡಲನ್ನು ಹಿಮ್ಮುಖ ತಿರುಗಿಸಿದಳು, ನಾನು ಬಲೆಯ ಒಂದೊಂದೇ ಕಣ್ಣು ಬಿಡಿಸಿದೆ, ಅತ್ತೆ ಬಿಡಿಸಿದ ಬಲೆಯನ್ನು ತೊಡೆಯ ಮೇಲೆ ಮಡಿಚುತ್ತಾ ಹೋದರು. ಬಲೆಯಲ್ಲಿದ್ದ ಒಂದು ಮೀನು ಪುಳಕ್ಕನೆ ಹಾರಿ ಜರಿಶಾಲಿನೊಳಗೆ ಹೊಕ್ಕಿತು. ಅವರು ಏಳುವಂತಿಲ್ಲ, ಕೂರಲಾರರು. ಕೂತಲ್ಲೇ ಕುಣಿದರು. ಇಡೀ ಬಾತುಕೋಳಿ ಕುಣಿಯಿತು. ನನಗೆ ನಗುವಿನಿಂದ ಪಕ್ಕೆ ಹಿಡಿದುಕೊಂಡಿತು. ಹರಕೆ ಕೈತಪ್ಪುತ್ತಿದೆ, ನಗುತ್ತಿದ್ದೇನಲ್ಲ ಎಂದು ಮನಸ್ಸು ಚುಚ್ಚಿದರೂ ನಗು ನಿಲ್ಲಲಿಲ್ಲ. ಅತ್ತೆಯಂತೂ ಕಣ್ಣೊರೆಸಿಕೊಳ್ಳುತ್ತಿದ್ದರು.

ನಗು ಮುಗಿಯುವ ಮೊದಲೇ ಹಿರಿಯ ತನ್ನ ತೆಪ್ಪ ಹಾಕಿಕೊಂಡು ಬಂದುಬಿಟ್ಟ. ಮುಖ ಕೆಂಡವಾಗಿತ್ತು. "ಮತ್ತೆ ಬಲೆ ಹರಿದ್ರಾ? ಇದಕ್ಕೇ ಬಂದ್ ಮಾಡ್ಸಿದ್ದು ನಾನು..." ಎಂದು ಶುರು ಮಾಡಿದವನು ಅತ್ತೆಯ ತೊಡೆಯ ಮೇಲೆ ಅಚ್ಚುಕಟ್ಟಾಗಿ ಮಡಿಚಿಟ್ಟ ಬಲೆ ನೋಡಿ ತಡೆದ. ಒಂದು ಎಳೆಯೂ ಹರಿದಿರಲಿಲ್ಲ. ಸೊಸೆ ಅವಸರದಲ್ಲಿ ಎಲ್ಲವನ್ನೂ ತೆಲುಗಿನಲ್ಲಿ ಹೇಳಿದಳು. ಕೈ ನಮ್ಮ ಮೊರದ ಕಡೆ, ಕಲ್ಲಿನ ಕಡೆ, ಬಾತುಕೋಳಿಯ ಕಡೆ ಓಡಾಡಿತು. ಮಾತು ಅರ್ಧ ತಿಳಿಯದಿದ್ದರೂ ಕೈ ನೋಡಿಯೇ ನನಗೆ ಎಲ್ಲ ತಿಳಿಯಿತು.

ಹಿರಿಯ ಅತ್ತೆಯನ್ನು ದಿಟ್ಟಿಸಿದ. "ನೀವು ಯಾವೂರ್ನೋರವ್ವಾ?"

"ಇದೇ ಊರು ಕಣಪ್ಪ. ಮೇಗಳ ಓಣಿಯ ಬೇವಿನಮರದ ಮನೆ ಮಗಳು. ಕೊಟ್ಟಿದ್ದು ಮೊಳಕಾಲ್ಮೂರಿಗೆ."

"ನಮ್ಮೂರ ಮಗಳಾ!" ಅವನ ದನಿಯೇ ಬೇರೆಯಾಯಿತು. "ಮೊದಲೇ ಹೇಳಬಾರದೇನವ್ವಾ? ಊರ ಮಗಳು ಬಾಗಿನ ಹಿಡ್ಕೊಂಡು ಬಂದು ಹಂಗೇ ವಾಪಸ್ ಹೋದ್ರೆ ನಾಳೆ ನನ್ನ ಬಲೆಗೆ ಮೀನು ಬೀಳ್ತೈತಾ? ಬರ್ರಿ ನನ್ನ ಹಿಂದೆ." ಬಾತುಕೋಳಿಯವರ ಕಡೆ ತಿರುಗಿ, "ನೀವೂ ಬರ್ರಿ ಗಪ್‌ಚುಪ್. ಇಲ್ಲೇ ಬಿಟ್ರೆ ಮತ್ತೇನಾದ್ರೂ ಮಾಡ್ಕೊಂತೀರಿ" ಎಂದು ಕೋಲಿನಿಂದ ಬಾತುಕೋಳಿಯ ಬಾಲವನ್ನು ಜಾಲಿಯಿಂದ ಬಿಡಿಸಿದ.

ಹೀಗೆ ನಾವು ಮೆರವಣಿಗೆ ಹೊರಟೆವು. ಮುಂದೆ ಹಿರಿಯ, ಅಡ್ಡ ಬಂದ ಬಲೆಗಳನ್ನು ಕೋಲಿನಿಂದ ಎತ್ತಿ ಹಿಡಿಯುತ್ತಾ. ನಡುವೆ ನಮ್ಮ ಕೊಪ್ಪರಿಗೆ. ಹಿಂದೆ ಬಾತುಕೋಳಿ, ಹಾಡಿಲ್ಲದೆ, ಅಲೆ ಏಳದ ಹಾಗೆ ಮೆಲ್ಲಗೆ ತುಳಿಯುತ್ತಾ.

ಕಲ್ಲಿನ ಬಳಿ ನೀರು ಅಲುಗಾಡದೆ ಇತ್ತು. ಅತ್ತೆ ಮೊರದ ದಾರ ಬಿಚ್ಚಿದರು. ಬಳೆಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅರಿಶಿನ ಕುಂಕುಮ ಕೈಗೆ ತೆಗೆದುಕೊಂಡು, ಕಣ್ಣು ಮುಚ್ಚಿ, ಭಕ್ತಿಯಿಂದ ಏಳಲು ಹೋದರು.

"ಕುಂತ್ಕೊಳ್ರಿ!" ಎಂದು ನಾನು, ತೆಪ್ಪದಾಕೆ, ಹಿರಿಯ, ಬಾತುಕೋಳಿಯ ನಾಲ್ವರು, ಎಲ್ಲರೂ ಒಂದೇ ದನಿಯಲ್ಲಿ ಕೂಗಿದೆವು.

ಅತ್ತೆ ಬೆಚ್ಚಿ ಕೂತರು. ಸ್ವಲ್ಪ ಹೊತ್ತು ಪೇಚಾಡಿದರು. ದೇವರಿಗೆ ಕೂತು ಕೊಡುವುದು ಹೇಗೆ? ಆಮೇಲೆ ಕಲ್ಲಿಗೆ ಹೇಳಿದರು, ಪಕ್ಕದ ಮನೆಯವರಿಗೆ ಹೇಳುವ ಹಾಗೆ: "ನಿನ್ನ ಮನೆಯಾಗೆ ಏಳಬಾರದಂತೆ ಕಣವ್ವಾ. ಕುಂತೇ ಕೊಡ್ತೀನಿ, ತಪ್ಪು ತಿಳ್ಕೊಬ್ಯಾಡ. ತಡ ಆತು, ಅದಕ್ಕೂ ಬೇಜಾರು ಮಾಡ್ಕೊಬ್ಯಾಡ. ನೋಡು, ನೀನು ಉಳಿಸಿದ ಸೊಸೆ ಇಲ್ಲೇ ಕುಂತವ್ಳೆ, ನನ್ನೆದುರಿಗೇ ಕಾಲು ಚಾಚ್ಕೊಂಡು."

ಅರಿಶಿನ, ಕುಂಕುಮ, ಹೂವು, ಒಂದು ಹಿಡಿ ಅಕ್ಕಿ ನೀರಿಗೆ ಬಿಟ್ಟರು. ಮೊರವನ್ನೂ ಬಿಡಲು ಹೋದಾಗ ಹಿರಿಯ ಮೆಲ್ಲಗೆ, "ಮೊರ ಬಲೆಗೆ ಸಿಕ್ಕೊಂತೈತೆ ತಾಯಿ. ಹೂವು ಅವಳಿಗೆ ಸಾಕು. ಉಳಿದಿದ್ದನ್ನ ಅವಳ ಮನೆ ಹೆಣ್ಣುಮಕ್ಕಳಿಗೆ ಕೊಡ್ರಿ, ಅವಳಿಗೇ ಮುಟ್ಟಿದಂಗೆ" ಎಂದ. ಅತ್ತೆ ಒಂದು ಕ್ಷಣವೂ ಯೋಚಿಸಲಿಲ್ಲ. ಎರಡೂ ಮೊರ ಜೋಡಿಸಿ, ಮೇಲೆ ಸೆರಗು ಹೊದಿಸಿ, ತೆಪ್ಪದಾಕೆಯ ಕಡೆ ಚಾಚಿದರು. ಅವಳು ಹುಟ್ಟನ್ನು ಕೆಳಗಿಟ್ಟು ಸೆರಗೊಡ್ಡಿ ತೆಗೆದುಕೊಂಡಳು. ಕಾಲಿಗೆ ಬೀಳಲು ಅವಳೂ ಏಳಲಿಲ್ಲ. ಕೂತಲ್ಲಿಂದಲೇ ಕೈ ಚಾಚಿ ಅತ್ತೆಯ ಪಾದ ಮುಟ್ಟಿದಳು. ಅವಳ ಕಣ್ಣು ತುಂಬಿತ್ತು. ನಾನು ಅತ್ತೆಯ ಸೆರಗಿನ ತುದಿಯ ಗಂಟು ಬಿಚ್ಚಿದೆ. ಸೀರೆ ಬದಲಾದಂತೆಲ್ಲ ಆ ಗಂಟನ್ನು ಹೊಸ ಸೀರೆಗೆ ವರ್ಗಾಯಿಸುತ್ತಾ ಬಂದಿದ್ದರು ಅವರು. ಬಾತುಕೋಳಿಯಲ್ಲಿ ಜರಿಶಾಲಿನವರು ಶಾಲು ತೆಗೆದು ಮಡಿಲಲ್ಲಿಟ್ಟುಕೊಂಡು ಕೈಮುಗಿದಿದ್ದರು. ಶಾಲು ಮೀನಿನ ವಾಸನೆ ಹೊಡೆಯುತ್ತಿತ್ತು. ಅಂಥ ಹೊತ್ತಿನಲ್ಲೂ ನನಗೆ ಮತ್ತೆ ನಗು ಬಂತು. ಗಂಗಮ್ಮ ಕ್ಷಮಿಸಿರಬೇಕು.

ದಡಕ್ಕೆ ಬಂದಾಗ ಸೂರ್ಯ ಗುಡ್ಡಕ್ಕೆ ತಾಗಿದ್ದ. ಇಳಿಯುವುದಕ್ಕೂ ಕ್ರಮವಿತ್ತು. ಒಬ್ಬರಾದ ಮೇಲೆ ಒಬ್ಬರು, ದೊಡ್ಡವರು ಮೊದಲು ಎಂದೇನಿಲ್ಲ, ಅಂಚಿಗಿದ್ದವರು ಮೊದಲು. ಅಂಚಿಗಿದ್ದವಳು ನಾನು. ಅತ್ತೆಗಿಂತ ಮೊದಲು ಇಳಿದು, ತಿರುಗಿ ನಿಂತು, ಕೈ ಕೊಟ್ಟು ಅವರನ್ನು ಇಳಿಸಿಕೊಂಡೆ. ಯಜಮಾನರು ಓಡಿಬಂದು ತಾಯಿಯ ಕಾಲಿನ ಹತ್ತಿರ ಚಪ್ಪಲಿ ಇಟ್ಟರು. ಗಡಿಬಿಡಿಯಲ್ಲಿ ಎಡ ಬಲ ಅದಲುಬದಲು.

"ಆತೇನವ್ವಾ?" ಎಂದು ಕೇಳಿದರು.

"ಆತು ಕಣೋ" ಎಂದರು ಅತ್ತೆ. "ನಿನ್ನ ಹೆಂಡ್ತಿ ಕಡೆಯಿಂದ ಒದೆಸ್ಕೊಂಡೂ ಆತು."

ಬಂದ್ ಮಾತ್ರ ಬಂದ್ ಆಗಿಯೇ ಉಳಿಯಿತು. ಹಿರಿಯ ಅದನ್ನು ಬದಲಾಯಿಸಲಿಲ್ಲ, ನಾವೂ ಕೇಳಲಿಲ್ಲ. ಅವರ ಕೆರೆ, ಅವರ ಬಲೆ. ಮರುದಿನದಿಂದ ಬಾತುಕೋಳಿಗಳನ್ನು ಏರಿಯ ಮೇಲೆ ಕವುಚಿ ಹಾಕಿದ್ದರಂತೆ.

ಆಟೋದಲ್ಲಿ ಅತ್ತೆ ಕಣ್ಣು ಮುಚ್ಚಿ ಸೀಟಿಗೊರಗಿದರು. ದಣಿದಿದ್ದಾರೆ ಎಂದುಕೊಂಡೆ. ಮೊಳಕಾಲ್ಮೂರಿನ ದೀಪಗಳು ಕಾಣುವಾಗ ನನ್ನ ಕಿವಿಯ ಹತ್ತಿರ ಬಗ್ಗಿ, ಮಗನಿಗೆ ಕೇಳಿಸದ ಹಾಗೆ, "ಏ, ಇನ್ನೊಂದು ಹರಕೆ ಹೊರಲೇನೇ?" ಎಂದರು.

"ಯಾಕತ್ತೆ? ಈಗ ಯಾರಿಗೇನಾಗೈತೆ?"

"ಯಾರಿಗೂ ಏನೂ ಆಗಿಲ್ಲ. ಸುಮ್ನೆ. ಇನ್ನೊಂದ್ಸಲ ಕುಂತ್ಕೊಳ್ಳಾಕೆ."

ಮನೆಗೆ ಬಂದಾಗ ಮಾವನವರು ಮಗ್ಗದಿಂದ ಎದ್ದು ಜಗಲಿಯಲ್ಲಿ ಹಸಿದು ಕೂತಿದ್ದರು. ಅತ್ತೆ ಅವರ ಪಕ್ಕ ಕೂತು ಬಾತುಕೋಳಿಯ ಕಥೆ ಶುರು ಮಾಡಿದರು. ನಾನು ಒದ್ದೆ ಸೀರೆಯ ಅಂಚನ್ನು ಹಿಂಡಿ, ಸೆರಗು ಸಿಕ್ಕಿಸಿ ಅಡುಗೆಮನೆಗೆ ಹೋದೆ. ನೆಲ ಇನ್ನೂ ತೆಪ್ಪದ ಹಾಗೆ ತೂಗುತ್ತಿತ್ತು. ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡೇ ಒಲೆ ಹಚ್ಚಿ, ರಾಗಿ ಮುದ್ದೆಗೆ ಎಸರಿಟ್ಟೆ.